ಒಂದು ಲೀಟರು ಡೀಸೆಲಿನ ಜಮಾಖರ್ಚು

ಹಳೆಯ ಡೀಸೆಲ್ ಕಾರನ್ನು ಇಟ್ಟುಕೊಂಡಿರುವವರಲ್ಲಿ ಬಹುಮಂದಿ ಕೇಳುವ ಪ್ರಶ್ನೆ ಒಂದೇ: “ಈ ಗಾಡಿ ಲೀಟರಿಗೆ ಇನ್ನೆರಡು ಕಿಲೋಮೀಟರು ಹೆಚ್ಚಾಗಿ ಓಡುವಂತೆ ಮಾಡಲು ಸಾಧ್ಯವೆ?” ಪ್ರಶ್ನೆಯು ಸಣ್ಣದಾಗಿ ತೋರಿದರೂ ಅದರ ಹಿಂದಿರುವ ಚಿಂತೆ ಸಣ್ಣದಲ್ಲ. ದಿನಕ್ಕೆ ೧೦೦ ಕಿಲೋಮೀಟರಿನಂತೆ ವರ್ಷದಲ್ಲಿ ೩೦೦ ದಿನ ಬಾಡಿಗೆಗೆ ಓಡುವ ಕಾರು ಲೀಟರಿಗೆ ೧೫ ಕಿಲೋಮೀಟರು ಕೊಟ್ಟರೆ ಅದಕ್ಕೆ ವರ್ಷಕ್ಕೆ ೨,೦೦೦ ಲೀಟರು ಡೀಸೆಲ್ ಬೇಕಾಗುವುದು. ಅದೇ ಕಾರು ೧೭ ಕಿಲೋಮೀಟರು ಕೊಟ್ಟರೆ ಸುಮಾರು ೧,೭೬೫ ಲೀಟರು ಸಾಕು. ಉಳಿದ ೨೩೫ ಲೀಟರಿನ ಬೆಲೆ, ಆ ಗಾಡಿಯನ್ನೇ ನಂಬಿದ ಸಂಸಾರಕ್ಕೆ ಅಲ್ಪವೇನೂ ಅಲ್ಲ. ಇದಲ್ಲದೆ, ಒಂದು ಲೀಟರು ಡೀಸೆಲ್ ಉರಿದಾಗ ಎರಡೂವರೆ ಕಿಲೋಗ್ರಾಮಿಗೂ ಮಿಕ್ಕ ಇಂಗಾಲದ ಡೈಆಕ್ಸೈಡು ಹುಟ್ಟುವುದರಿಂದ, ಈ ಉಳಿತಾಯವು ಎಲ್ಲರೂ ಉಸಿರಾಡುವ ಗಾಳಿಗೂ ಸಂಬಂಧಪಟ್ಟದ್ದು.

ಈ ಪ್ರಶ್ನೆಗೆ ಉತ್ತರಗಳು ಪೇಟೆಯಲ್ಲಿ ಬೇಕಾದಷ್ಟು ದೊರೆಯುತ್ತವೆ. ಡೀಸೆಲಿಗೆ ಬೆರೆಸುವ ದ್ರವಗಳುಂಟು. ಇಂಧನದ ಕೊಳವೆಗೆ ಕಟ್ಟುವ ಅಯಸ್ಕಾಂತಗಳುಂಟು. ಪರಿಚಿತರು ಹೇಳುವ ಕಿವಿಮಾತುಗಳಂತೂ ಲೆಕ್ಕವಿಲ್ಲದಷ್ಟುಂಟು. ಇವುಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು? ವ್ಯಾಪಾರದಲ್ಲಿ ನಷ್ಟವಾಗುತ್ತಿದೆಯೆಂದು ಕಂಡಾಗ ಜಾಣನಾದ ವರ್ತಕನು ಮೊದಲು ಮಾಡುವ ಕೆಲಸವೆಂದರೆ ಖಾತೆಯ ಪುಸ್ತಕವನ್ನು ತೆಗೆದು ನೋಡುವುದು. ನಾವೂ ಹಾಗೆಯೇ ಮಾಡೋಣ. ಒಂದು ಲೀಟರು ಡೀಸೆಲಿನಲ್ಲಿರುವ ಶಕ್ತಿ ಎಷ್ಟು, ಅದು ಎಲ್ಲೆಲ್ಲಿ ವೆಚ್ಚವಾಗುವುದು, ಆ ವೆಚ್ಚಗಳಲ್ಲಿ ಯಾವುವು ನಮ್ಮ ಕೈಯಲ್ಲಿವೆ ಎಂಬುದನ್ನು ವಿಚಾರಿಸಿದರೆ ಉತ್ತರವು ತಾನಾಗಿಯೇ ಹೊರಬೀಳುವುದು.

ವಿಚಾರವು ಗೊತ್ತುಗುರಿಯಿಲ್ಲದೆ ಹರಿಯದಿರಲೆಂದು, ನಮ್ಮ ಊರುಗಳಲ್ಲಿ ಇಂದಿಗೂ ಕಾಣಸಿಗುವ ಎರಡು ಕಾರುಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಒಂದು, ೧೯೯೮ರಲ್ಲಿ ಹೊರಬಂದ ಟಾಟಾ ಇಂಡಿಕಾದ ಮೊದಲ ಡೀಸೆಲ್ ಮಾದರಿ. ಅದರ ಎಂಜಿನ್ನು ೧,೪೦೫ ಘನ ಸೆಂಟಿಮೀಟರಿನದು. ಇನ್ನೊಂದು, ೧,೪೮೯ ಘನ ಸೆಂಟಿಮೀಟರಿನ ಡೀಸೆಲ್ ಎಂಜಿನ್ನುಳ್ಳ ಅಂಬಾಸಡರ್. ಅಂಬಾಸಡರಿನ ತಯಾರಿಕೆ ೨೦೧೪ರಲ್ಲಿಯೂ ಇಂಡಿಕಾದ ತಯಾರಿಕೆ ೨೦೧೮ರಲ್ಲಿಯೂ ನಿಂತುಹೋಯಿತು. ಆದರೂ ಉಳಿದಿರುವ ಗಾಡಿಗಳು ಓಡುತ್ತಲೇ ಇವೆ. ಇವೆರಡರಲ್ಲಿಯೂ ಇಂಧನವನ್ನು ಒಳಗೆ ಚಿಮ್ಮಿಸುವ ಪಂಪು ಗಣಕದ ಸಹಾಯವಿಲ್ಲದೆ, ಕೇವಲ ಯಂತ್ರಭಾಗಗಳಿಂದಲೇ ಕೆಲಸ ಮಾಡತಕ್ಕದ್ದು.

ಎಂಜಿನ್ನಿನ ಒಳಗೆ ನಡೆಯುವುದೇನು?

ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡವು ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ಗಾಳಿಯನ್ನು ಬೇಗನೆ ಅದುಮಿದರೆ ಅದರ ಉಷ್ಣತೆ ಏರುವುದು. ಡೀಸೆಲ್ ಎಂಜಿನ್ನಿನ ಮೂಲತತ್ತ್ವ ಇಷ್ಟೆ. ಇಂತಹ ಹಳೆಯ ಚಿಕ್ಕ ಎಂಜಿನ್ನುಗಳಲ್ಲಿ ಪಿಸ್ಟನ್ನು ಮೇಲೇರುವಾಗ ಗಾಳಿಯ ಗಾತ್ರವು ಸುಮಾರು ಇಪ್ಪತ್ತೆರಡರಲ್ಲಿ ಒಂದು ಪಾಲಿಗೆ ಇಳಿಯುವುದು. ಉಷ್ಣವು ಹೊರಕ್ಕೆ ಸ್ವಲ್ಪವೂ ಸೋರದಿದ್ದರೆ, ೩೦ ಡಿಗ್ರಿ ಸೆಂಟಿಗ್ರೇಡಿನ ಗಾಳಿ ಇದರಿಂದ ೭೭೦ ಡಿಗ್ರಿಯಷ್ಟು ಕಾಯಬೇಕೆಂದು ಲೆಕ್ಕವು ಹೇಳುತ್ತದೆ. ಸಿಲಿಂಡರಿನ ಗೋಡೆಗಳು ಒಂದಿಷ್ಟು ಉಷ್ಣವನ್ನು ಹೀರಿಕೊಳ್ಳುವುದರಿಂದ ನಿಜವಾದ ಉಷ್ಣತೆ ಇದಕ್ಕಿಂತ ಕಡಮೆ. ಆದರೂ ನುಣ್ಣನೆಯ ತುಂತುರಾಗಿ ಒಳಹೊಕ್ಕ ಡೀಸೆಲ್, ಕಿಡಿಯ ಹಂಗಿಲ್ಲದೆ ತಾನೇ ಹೊತ್ತಿಕೊಳ್ಳಲು ಅದು ಧಾರಾಳವಾಗಿ ಸಾಕು.

ಈ ಎಂಜಿನ್ನನ್ನು ಕಲ್ಪಿಸಿದ ರುಡಾಲ್ಫ್ ಡೀಸೆಲನ ಗುರಿಯೂ ಮಿತವ್ಯಯವೇ ಆಗಿತ್ತು. ಅವನ ಕಾಲದ ಉಗಿಯಂತ್ರಗಳು ಕಲ್ಲಿದ್ದಲಿನ ಶಕ್ತಿಯಲ್ಲಿ ಬಹುಭಾಗವನ್ನು ಪೋಲುಮಾಡುತ್ತಿದ್ದವು. ಜರ್ಮನಿಯ ಆಗ್ಸ್‌ಬರ್ಗ್ ನಗರದಲ್ಲಿ ಅವನು ಕಟ್ಟಿದ ಯಂತ್ರವನ್ನು ೧೮೯೭ರಲ್ಲಿ ಪ್ರೊಫೆಸರ್ ಮೋರಿಟ್ಸ್ ಶ್ರೋಟರ್ ಪರೀಕ್ಷಿಸಿದಾಗ, ಇಂಧನದ ಶಕ್ತಿಯಲ್ಲಿ ನೂರಕ್ಕೆ ೨೬ಕ್ಕೂ ಹೆಚ್ಚು ಪಾಲು ಕೆಲಸವಾಗಿ ಪರಿಣಮಿಸಿತು. ಅಂದಿಗೆ ಅದು ಅಚ್ಚರಿಯ ಸಂಗತಿ. ಉಳಿದ ಪಾಲು ಏನಾಯಿತೆಂದು ಕೇಳಿದರೆ, ಅದು ಉಷ್ಣವಾಗಿ ಹೊರಟುಹೋಯಿತು. ಉಷ್ಣವನ್ನೆಲ್ಲ ಕೆಲಸವನ್ನಾಗಿ ಮಾರ್ಪಡಿಸಲು ಯಾವ ಯಂತ್ರದಿಂದಲೂ ಆಗದೆಂಬುದಕ್ಕೆ ಫ್ರಾನ್ಸಿನ ಸಾದಿ ಕಾರ್ನೋ ೧೮೨೪ರಲ್ಲಿಯೇ ತಳಹದಿಯನ್ನು ಹಾಕಿದ್ದನು. ಅದು ಪ್ರಕೃತಿಯ ಕಟ್ಟಳೆ. ಯಾವ ಮೆಕ್ಯಾನಿಕ್ಕನೂ ಅದನ್ನು ಮೀರಲಾರನು.

ಈಗ ನಮ್ಮ ಖಾತೆಗೆ ಬರೋಣ. ಒಂದು ಲೀಟರು ಡೀಸೆಲಿನಲ್ಲಿ ಸುಮಾರು ೩೬ ಮೆಗಾಜೂಲ್ ಶಕ್ತಿಯಿದೆ. ಹೊಗೆಯ ಕೊಳವೆಯಿಂದ ಹೊರಬೀಳುವ ಬಿಸಿ ಅನಿಲ, ರೇಡಿಯೇಟರಿನ ಬಿಸಿನೀರು, ಎಂಜಿನ್ನಿನ ಮತ್ತು ಗೇರುಗಳ ಒಳಗಿನ ತಿಕ್ಕಾಟ ಇವುಗಳೆಲ್ಲ ತಮ್ಮ ಪಾಲನ್ನು ಕಿತ್ತುಕೊಂಡ ಮೇಲೆ, ಹಳೆಯ ಚಿಕ್ಕ ಕಾರು ಸಮರಸ್ತೆಯಲ್ಲಿ ಹಗುರವಾಗಿ ಓಡುವಾಗ ಚಕ್ರಗಳಿಗೆ ಸಲ್ಲುವುದು ಸ್ಥೂಲವಾಗಿ ಐದರಲ್ಲಿ ಒಂದು ಪಾಲು, ಎಂದರೆ ೭.೨ ಮೆಗಾಜೂಲ್. ನಾಲ್ಕು ಪಾಲನ್ನು ಕಳೆದುಕೊಂಡು ಉಳಿಸಿಕೊಂಡ ಈ ಒಂದು ಪಾಲನ್ನು ನಾವು ರಸ್ತೆಯಲ್ಲಿ ಹೇಗೆ ಖರ್ಚುಮಾಡುತ್ತೇವೆಂಬುದೇ ಈ ಲೇಖನದ ಮುಖ್ಯ ವಿಷಯ. ಏಕೆಂದರೆ ಚಕ್ರದ ಬಳಿ ಒಂದು ಜೂಲನ್ನು ಉಳಿಸಿದರೆ ಟ್ಯಾಂಕಿನಲ್ಲಿ ಹಲವು ಜೂಲುಗಳು ಉಳಿಯುವುವು.

ರಸ್ತೆಯು ಕೇಳುವ ಮೂರು ಕಂದಾಯಗಳು

ಚಕ್ರಕ್ಕೆ ಬಂದ ಶಕ್ತಿಯಿಂದ ಮೂರು ಕಂದಾಯಗಳು ಸಲ್ಲಬೇಕು. ಮೊದಲನೆಯದು ಉರುಳುವ ಚಕ್ರದ ತಡೆ. ಟೈರಿನ ರಬ್ಬರು ನೆಲಕ್ಕೆ ತಗಲುವ ಕಡೆಯಲ್ಲಿ ಚಪ್ಪಟೆಯಾಗಿ, ಮೇಲೇಳುವಾಗ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಅದುಮುವಾಗ ಪಡೆದ ಶಕ್ತಿಯನ್ನೆಲ್ಲ ರಬ್ಬರು ಹಿಂದಕ್ಕೆ ಕೊಡುವುದಿಲ್ಲ. ಒಂದಂಶವನ್ನು ಉಷ್ಣವಾಗಿ ಇಟ್ಟುಕೊಳ್ಳುತ್ತದೆ. ದೂರ ಓಡಿದ ಮೇಲೆ ಟೈರನ್ನು ಮುಟ್ಟಿ ನೋಡಿದರೆ ಬಿಸಿಯಾಗಿರುವುದು ಇದರಿಂದಲೇ. ಕಾರಿನ ತೂಕದಲ್ಲಿ ನೂರಕ್ಕೆ ಸುಮಾರು ೧.೩ ಪಾಲಿನಷ್ಟು ಬಲ ಇದಕ್ಕೆ ಬೇಕೆಂದು ಹಿಡಿಯೋಣ. ಜನರೂ ಸೇರಿ ಕಾರಿನ ತೂಕ ೧,೨೦೦ ಕಿಲೋಗ್ರಾಮಾದರೆ ಈ ತಡೆಯು ಸುಮಾರು ೧೫೩ ನ್ಯೂಟನ್ ಆಗುವುದು. ವೇಗವು ಹೆಚ್ಚಿದರೂ ಇದು ಅಷ್ಟಾಗಿ ಬದಲಾಗದು.

ಎರಡನೆಯದು ಗಾಳಿಯ ತಡೆ. ಇದರ ಸ್ವಭಾವವೇ ಬೇರೆ. ಇದು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದು. ವೇಗವು ಎರಡರಷ್ಟಾದರೆ ತಡೆಯು ನಾಲ್ಕರಷ್ಟಾಗುವುದು. ಕಾರಿನ ಮುಂಭಾಗದ ವಿಸ್ತಾರ ೨ ಚದರ ಮೀಟರೆಂದೂ ಆಕಾರಕ್ಕೆ ಸಂಬಂಧಿಸಿದ ಗುಣಾಂಕ ೦.೪ ಎಂದೂ ಇಟ್ಟುಕೊಂಡು ಲೆಕ್ಕ ಹಾಕಿದರೆ ಈ ಕೆಳಗಿನ ಸಂಖ್ಯೆಗಳು ದೊರೆಯುವುವು.

ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ: ಗಾಳಿಯ ತಡೆ ೧೩೩ ನ್ಯೂಟನ್, ಒಟ್ಟು ತಡೆ ೨೮೬ ನ್ಯೂಟನ್.
ಗಂಟೆಗೆ ೮೦ ಕಿಲೋಮೀಟರು ವೇಗದಲ್ಲಿ: ಗಾಳಿಯ ತಡೆ ೨೩೭ ನ್ಯೂಟನ್, ಒಟ್ಟು ತಡೆ ೩೯೦ ನ್ಯೂಟನ್.
ಗಂಟೆಗೆ ೧೦೦ ಕಿಲೋಮೀಟರು ವೇಗದಲ್ಲಿ: ಗಾಳಿಯ ತಡೆ ೩೭೦ ನ್ಯೂಟನ್, ಒಟ್ಟು ತಡೆ ೫೨೩ ನ್ಯೂಟನ್.

ಈ ಬಲಗಳು ನಾವೆಣಿಸುವಷ್ಟು ದೊಡ್ಡವಲ್ಲ. ೨೮೬ ನ್ಯೂಟನ್ ಎಂದರೆ, ಬಾವಿಯಿಂದ ಎರಡು ತುಂಬಿದ ಕೊಡಗಳನ್ನು ಒಟ್ಟಿಗೆ ಸೇದಲು ಬೇಕಾಗುವಷ್ಟು ಬಲ. ಒಂದು ಕಿಲೋಮೀಟರು ದೂರ ಈ ಬಲವನ್ನು ಪ್ರಯೋಗಿಸಲು ೨೮೬ ಕಿಲೋಜೂಲ್ ಸಾಕು. ಲೀಟರೊಂದರಿಂದ ಚಕ್ರಕ್ಕೆ ಸಲ್ಲುವ ೭.೨ ಮೆಗಾಜೂಲನ್ನು ಇದರಿಂದ ಭಾಗಿಸಿದರೆ ೨೫ ಕಿಲೋಮೀಟರು ಬರುವುದು. ಗಂಟೆಗೆ ೮೦ರ ವೇಗದಲ್ಲಿ ಅದೇ ಲೆಕ್ಕ ಸುಮಾರು ೧೮ ಕಿಲೋಮೀಟರನ್ನೂ ೧೦೦ರ ವೇಗದಲ್ಲಿ ಸುಮಾರು ೧೪ ಕಿಲೋಮೀಟರನ್ನೂ ಕೊಡುವುದು. ಭಾರ ಹೆಚ್ಚಿದಂತೆ ಎಂಜಿನ್ನಿನ ದಕ್ಷತೆಯೂ ಸ್ವಲ್ಪ ಏರುವುದರಿಂದ ವಾಸ್ತವದಲ್ಲಿ ಅಂತರವು ಇಷ್ಟು ದೊಡ್ಡದಾಗಿರುವುದಿಲ್ಲ. ಆದರೂ ಏರಿಳಿತದ ದಿಕ್ಕು ಇದೇ. ನೂರರ ವೇಗವನ್ನು ಎಂಬತ್ತಕ್ಕೆ ಇಳಿಸಿದವನು, ಒಂದು ಕಾಸನ್ನೂ ಖರ್ಚುಮಾಡದೆ, ಪೇಟೆಯ ಯಾವ ಔಷಧಿಯೂ ಕೊಡಲಾರದ ಲಾಭವನ್ನು ಪಡೆಯುವನು. ೬೦ ಕಿಲೋಮೀಟರು ದೂರದ ಪ್ರಯಾಣದಲ್ಲಿ ಇದರಿಂದ ಅವನಿಗಾಗುವ ಕಾಲನಷ್ಟ ಒಂಬತ್ತು ನಿಮಿಷ ಮಾತ್ರ.

ಮೂರನೆಯ ಕಂದಾಯ ಬ್ರೇಕಿನದು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಓಡುವ ನಮ್ಮ ಕಾರಿನ ಚಲನಶಕ್ತಿ ಸುಮಾರು ೧೬೭ ಕಿಲೋಜೂಲ್. ಬ್ರೇಕನ್ನೊತ್ತಿ ನಿಲ್ಲಿಸಿದಾಗ ಅದೆಲ್ಲವೂ ಡ್ರಮ್ಮುಗಳ ಉಷ್ಣವಾಗಿ ಗಾಳಿಪಾಲಾಗುವುದು. ಮತ್ತೆ ಅದೇ ವೇಗಕ್ಕೆ ಏರಲು ಅಷ್ಟೇ ಶಕ್ತಿಯನ್ನು ಹೊಸದಾಗಿ ಕೊಡಬೇಕು. ವೇಗವನ್ನು ಏರಿಸುವಾಗ ಎಂಜಿನ್ನಿನ ಮೇಲೆ ಭಾರ ಬೀಳುವುದರಿಂದ ಅದರ ದಕ್ಷತೆ ನಾಲ್ಕರಲ್ಲಿ ಒಂದು ಪಾಲೆಂದೇ ಹಿಡಿದರೂ, ಇಂತಹ ಐವತ್ತನಾಲ್ಕು ನಿಲುಗಡೆಗಳಿಗೆ ಒಂದು ಲೀಟರು ಡೀಸೆಲ್ ಸಂದುಹೋಗುವುದು. ಪಟ್ಟಣದಲ್ಲಿ ಅರ್ಧ ಕಿಲೋಮೀಟರಿಗೊಮ್ಮೆ ೪೦ರ ವೇಗಕ್ಕೇರಿ ಮತ್ತೆ ನಿಲ್ಲುತ್ತ ಹೋಗುವ ಕಾರಿನಲ್ಲಿ, ಬ್ರೇಕಿನ ಪಾಲು ಕಿಲೋಮೀಟರಿಗೆ ೧೪೮ ಕಿಲೋಜೂಲ್ ಆಗುವುದು. ಎಂದರೆ ನಾಲ್ಕು ಚಕ್ರಗಳನ್ನು ಉರುಳಿಸಲು ಬೇಕಾಗುವಷ್ಟೇ ಶಕ್ತಿ ಬ್ರೇಕಿನಲ್ಲಿಯೂ ಸುಟ್ಟುಹೋಗುತ್ತದೆ!

ಗಡಿಯಾರದಿಂದ ಒಂದು ಪರೀಕ್ಷೆ

ಇಷ್ಟು ತಿಳಿದ ಮೇಲೆ, ನಮ್ಮ ಕಾರು ನ್ಯಾಯವಾದ ಕಂದಾಯವನ್ನಷ್ಟೇ ಕೊಡುತ್ತಿದೆಯೆ, ಇಲ್ಲವೆ ಅನ್ಯಾಯವಾಗಿ ಹೆಚ್ಚು ತೆರುತ್ತಿದೆಯೆ ಎಂಬುದನ್ನು ಕಂಡುಹಿಡಿಯಬೇಕು. ಇದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ. ಸೆಕೆಂಡುಗಳನ್ನು ತೋರಿಸುವ ಒಂದು ಗಡಿಯಾರವೂ ಜೊತೆಗೊಬ್ಬ ಸ್ನೇಹಿತನೂ ಸಾಕು.

ಗಾಳಿಯಿಲ್ಲದ ಮುಂಜಾನೆಯಲ್ಲಿ, ವಾಹನಸಂಚಾರವಿಲ್ಲದ ಸಮನಾದ ನೇರ ರಸ್ತೆಯನ್ನು ಆರಿಸಿಕೊಳ್ಳಬೇಕು. ಕಾರು ಹದಿನೈದಿಪ್ಪತ್ತು ನಿಮಿಷ ಓಡಿ ಚೆನ್ನಾಗಿ ಕಾದಿರಬೇಕು. ಗಂಟೆಗೆ ೬೫ರ ವೇಗಕ್ಕೇರಿ, ಎಂಜಿನ್ನನ್ನು ನಿಲ್ಲಿಸದೆ ಗೇರನ್ನು ನ್ಯೂಟ್ರಲಿಗೆ ತಂದು, ಕಾರನ್ನು ತನ್ನಷ್ಟಕ್ಕೆ ಬಿಡಬೇಕು. ಮುಳ್ಳು ೬೦ನ್ನು ದಾಟಿದ ಕ್ಷಣದಿಂದ ೪೦ನ್ನು ಮುಟ್ಟುವವರೆಗೆ ಎಷ್ಟು ಸೆಕೆಂಡುಗಳಾದುವೆಂಬುದನ್ನು ಪಕ್ಕದಲ್ಲಿರುವವನು ಎಣಿಸಬೇಕು. ಚಾಲಕನ ಕಣ್ಣು ರಸ್ತೆಯ ಮೇಲೆಯೇ ಇರತಕ್ಕದ್ದು. ಅದೇ ರಸ್ತೆಯಲ್ಲಿ ಎದುರು ದಿಕ್ಕಿನಲ್ಲಿಯೂ ಹೀಗೆಯೇ ಮಾಡಿ ಎರಡರ ಸರಾಸರಿಯನ್ನು ತೆಗೆದುಕೊಂಡರೆ, ಕಣ್ಣಿಗೆ ಕಾಣದ ಸಣ್ಣ ಇಳಿಜಾರು ಮತ್ತು ತಂಗಾಳಿಯಿಂದಾಗುವ ದೋಷಗಳು ಬಹಮಟ್ಟಿಗೆ ಪರಿಹಾರವಾಗುವುವು.

ಈ ಕಾಲವೆಷ್ಟಿರಬೇಕು? ೫೦ರ ವೇಗದಲ್ಲಿ ನಮ್ಮ ಕಾರಿಗೆ ಒದಗುವ ಒಟ್ಟು ತಡೆ ಸುಮಾರು ೨೪೬ ನ್ಯೂಟನ್. ನ್ಯೂಟನ್ನನ ಎರಡನೆಯ ನಿಯಮದಂತೆ ೧,೨೦೦ ಕಿಲೋಗ್ರಾಮಿನ ಕಾರು ಈ ತಡೆಯಿಂದ ೬೦ರಿಂದ ೪೦ಕ್ಕೆ ಇಳಿಯಲು ಸುಮಾರು ೨೭ ಸೆಕೆಂಡು ತೆಗೆದುಕೊಳ್ಳುವುದು. ಈಗ ಒಂದು ಚಕ್ರದ ಬ್ರೇಕು ಪೂರ್ತಿಯಾಗಿ ಬಿಡದೆ ಡ್ರಮ್ಮನ್ನು ಸವರುತ್ತಿದೆಯೆಂದೂ ಅದರಿಂದ ೫೦ ನ್ಯೂಟನ್ ತಡೆ ಹೆಚ್ಚಾಗಿದೆಯೆಂದೂ ಭಾವಿಸಿರಿ. ಆಗ ಕಾಲವು ೨೭ರಿಂದ ೨೨ ಅಥವಾ ೨೩ ಸೆಕೆಂಡಿಗೆ ಇಳಿದುಬಿಡುವುದು. ನಾಲ್ಕೈದು ಸೆಕೆಂಡುಗಳ ಈ ವ್ಯತ್ಯಾಸ ಸಾಮಾನ್ಯ ಗಡಿಯಾರದಲ್ಲಿಯೂ ಸ್ಪಷ್ಟವಾಗಿ ಕಾಣುವುದು. ಈ ದೋಷವೊಂದರಿಂದಲೇ ಲೀಟರಿಗೆ ಎರಡು ಮೂರು ಕಿಲೋಮೀಟರು ನಷ್ಟವಾಗಬಲ್ಲದು. ವಾಚಕರು ಮೊದಲು ಕೇಳಿದ ‘ಇನ್ನೆರಡು ಕಿಲೋಮೀಟರು’ ಅಲ್ಲಿಯೇ ಅಡಗಿರಬಹುದಲ್ಲವೆ?

ಪ್ರತಿಯೊಂದು ಕಾರಿನ ತೂಕವೂ ಆಕಾರವೂ ಬೇರೆಯಾದುದರಿಂದ ೨೭ ಎಂಬ ಸಂಖ್ಯೆಯನ್ನೇ ಹಿಡಿದುಕೊಳ್ಳಬೇಕಾಗಿಲ್ಲ. ಟೈರು, ಬ್ರೇಕುಗಳನ್ನು ಸರಿಪಡಿಸಿದ ದಿನ ತಮ್ಮ ಕಾರಿನ ಕಾಲವನ್ನು ಅಳೆದು ಬರೆದಿಟ್ಟುಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಅದೇ ರಸ್ತೆಯಲ್ಲಿ, ಅಷ್ಟೇ ಜನರನ್ನು ಕೂರಿಸಿಕೊಂಡು ಅಳೆದು ಹೋಲಿಸಬೇಕು. ಕಾಲವು ಕುಗ್ಗಿದ್ದರೆ ದೋಷವು ಚಕ್ರಗಳಲ್ಲಿದೆ. ಕಾಲವು ಕುಗ್ಗದೆ ಡೀಸೆಲ್ ಮಾತ್ರ ಹೆಚ್ಚು ಖರ್ಚಾಗುತ್ತಿದ್ದರೆ ದೋಷವು ಎಂಜಿನ್ನಿನಲ್ಲಿ, ಕ್ಲಚ್ಚಿನಲ್ಲಿ ಅಥವಾ ಚಾಲಕನ ಪಾದದಲ್ಲಿದೆ. ರೋಗವು ಎಲ್ಲಿದೆಯೆಂಬುದನ್ನು ಇಷ್ಟು ಸುಲಭವಾಗಿ ಬೇರ್ಪಡಿಸಿ ತೋರಿಸುವ ಪರೀಕ್ಷೆ ಮತ್ತೊಂದಿಲ್ಲ.

ಚಕ್ರಗಳ ದೋಷಗಳು

ಕಾಲವು ಕುಗ್ಗಿದ್ದರೆ ಮೊದಲು ನೋಡಬೇಕಾದದ್ದು ಟೈರಿನ ಗಾಳಿಯನ್ನು. ಗಾಳಿ ಕಡಮೆಯಾದಷ್ಟೂ ರಬ್ಬರು ಹೆಚ್ಚು ಮಡಿಯುವುದು. ಹೆಚ್ಚು ಮಡಿದಷ್ಟೂ ಹೆಚ್ಚು ಶಕ್ತಿಯನ್ನು ನುಂಗುವುದು. ಎಷ್ಟು ಪೌಂಡು ಗಾಳಿಯಿರಬೇಕೆಂಬುದನ್ನು ತಯಾರಕರು ಬಾಗಿಲಿನ ಚೌಕಟ್ಟಿನ ಮೇಲೋ ಕೈಪಿಡಿಯಲ್ಲೋ ನಮೂದಿಸಿರುತ್ತಾರೆ. ಅದನ್ನು ಮೀರಿ ತುಂಬಿಸುವುದು ತರವಲ್ಲ. ಟೈರಿನ ಹಿಡಿತವು ಕುಂದಿ ಬ್ರೇಕು ಹಾಕಿದಾಗ ಕಾರು ಜಾರುವ ಭಯವುಂಟು. ಗಾಳಿಯನ್ನು ಅಳೆಯುವುದು ಟೈರು ತಣ್ಣಗಿರುವಾಗ. ೩೦ ಡಿಗ್ರಿಯಲ್ಲಿ ೩೦ ಪೌಂಡು ತೋರಿಸುವ ಟೈರು ೫೦ ಡಿಗ್ರಿಗೆ ಕಾದಾಗ, ಗಾಳಿಯನ್ನು ಸೇರಿಸದಿದ್ದರೂ, ೩೩ ಪೌಂಡು ತೋರಿಸುವುದು. ದೂರ ಓಡಿ ಬಂದೊಡನೆ ಅಳೆದು ‘ಸರಿಯಾಗಿದೆ’ ಎಂದುಕೊಂಡವನ ಟೈರಿನಲ್ಲಿ ನಿಜವಾಗಿ ಗಾಳಿ ಕಡಮೆಯೇ ಇರುವುದು.

ಎರಡನೆಯದಾಗಿ ಬ್ರೇಕನ್ನು ನೋಡಬೇಕು. ಬ್ರೇಕನ್ನು ಹೆಚ್ಚಾಗಿ ಬಳಸದೆ ಕೆಲವು ಕಿಲೋಮೀಟರು ಓಡಿ ನಿಂತಾಗ, ನಾಲ್ಕು ಚಕ್ರಗಳ ನಡುಭಾಗದ ಬಳಿ ಕೈಯನ್ನು ತಂದು ನೋಡಿರಿ, ಮುಟ್ಟಬಾರದು, ಸುಟ್ಟೀತು. ಒಂದು ಚಕ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ ಅಲ್ಲಿ ಬ್ರೇಕಾಗಲಿ ಬೇರಿಂಗಾಗಲಿ ಹಿಡಿಯುತ್ತಿದೆಯೆಂದು ತಿಳಿಯಬೇಕು. ತುಕ್ಕು ಹಿಡಿದ ಹ್ಯಾಂಡ್‌ಬ್ರೇಕಿನ ತಂತಿಯೂ ಹಳೆಯ ಕಾರುಗಳಲ್ಲಿ ಇದಕ್ಕೆ ಕಾರಣವಾಗಬಹುದು. ಮುಂದಿನ ಚಕ್ರಗಳು ಒಂದಕ್ಕೊಂದು ಸಮಾನಾಂತರವಾಗಿಲ್ಲದಿದ್ದರೂ ಟೈರು ಉರುಳುವುದರ ಜೊತೆಗೆ ಉಜ್ಜಿಕೊಂಡು ಹೋಗುವುದು. ಟೈರಿನ ಒಂದೇ ಅಂಚು ಸವೆದಿರುವುದು ಅದರ ಗುರುತು.

ಮೂರನೆಯದಾಗಿ ಹೊರೆ. ಡಿಕ್ಕಿಯಲ್ಲಿ ಮರೆತುಬಿಟ್ಟ ೫೦ ಕಿಲೋಗ್ರಾಮು ಸಾಮಾನು ಉರುಳಿನ ತಡೆಯನ್ನು ೬ ನ್ಯೂಟನ್ನಿಗಿಂತ ಸ್ವಲ್ಪ ಹೆಚ್ಚಿಸುವುದು; ೬೦ರ ವೇಗದಲ್ಲಿ ಅದು ಒಟ್ಟು ತಡೆಯ ನೂರರಲ್ಲಿ ಎರಡು ಪಾಲು. ಬಳಸದಿರುವಾಗಲೂ ಮಾಡಿನ ಮೇಲಿರುವ ಸಾಮಾನಿನ ಕ್ಯಾರಿಯರು ಗಾಳಿಯ ತಡೆಯನ್ನು ಹೆಚ್ಚಿಸುತ್ತಲೇ ಇರುವುದು.

ಎಂಜಿನ್ನಿನ ದೋಷಗಳು

ಹಳೆಯ ಎಂಜಿನ್ನನ್ನು ಹೊಸದಕ್ಕಿಂತ ಮೇಲಾಗಿ ಮಾಡಲು ಆಗದು. ಆದರೆ ಅದು ಹೊಸದಾಗಿದ್ದಾಗ ಹೇಗಿತ್ತೋ ಆ ಸ್ಥಿತಿಯ ಹತ್ತಿರಕ್ಕೆ ತರಬಹುದು. ಇದರಲ್ಲಿ ಹೊಗೆಯ ಬಣ್ಣವು ನಮಗೆ ದಾರಿತೋರಿಸುವುದು.

ಏರಿನಲ್ಲಿ ದಟ್ಟವಾದ ಕಪ್ಪು ಹೊಗೆ ಬಂದರೆ, ಡೀಸೆಲಿಗೆ ಬೇಕಾದಷ್ಟು ಗಾಳಿ ದೊರೆಯುತ್ತಿಲ್ಲ, ಅಥವಾ ಡೀಸೆಲ್ ನುಣ್ಣನೆಯ ತುಂತುರಾಗದೆ ದಪ್ಪ ಹನಿಗಳಾಗಿ ಬೀಳುತ್ತಿದೆ ಎಂದರ್ಥ. ಮೊದಲನೆಯದಕ್ಕೆ ಧೂಳು ತುಂಬಿದ ಗಾಳಿಯ ಜರಡಿ ಕಾರಣ. ಎರಡನೆಯದಕ್ಕೆ ಸವೆದ ನಾಝಲುಗಳು ಕಾರಣ. ತಣ್ಣಗಿನ ಎಂಜಿನ್ನಿನಲ್ಲಿ ಸ್ವಲ್ಪ ಬಿಳಿಯ ಹೊಗೆ ಸಹಜ. ಕಾದ ಮೇಲೂ ಅದು ನಿಲ್ಲದಿದ್ದರೆ ಡೀಸೆಲ್ ಸಕಾಲದಲ್ಲಿ ಹೊತ್ತಿಕೊಳ್ಳುತ್ತಿಲ್ಲ. ಉಂಗುರಗಳು ಸವೆದು ಅದುಮಿದ ಗಾಳಿಯು ಸೋರಿಹೋಗುತ್ತಿರಬಹುದು, ಇಲ್ಲವೆ ಪಂಪು ಡೀಸೆಲನ್ನು ತಡವಾಗಿ ಕಳುಹಿಸುತ್ತಿರಬಹುದು. ನೀಲಿಯ ಹೊಗೆಯಾದರೋ ಎಂಜಿನ್ ಆಯಿಲು ಉರಿಯುತ್ತಿರುವುದರ ಸೂಚನೆ.

ಡೀಸೆಲ್ ತಡವಾಗಿ ಬಿದ್ದರೆ ನಷ್ಟವೇಕೆಂಬುದು ಗಮನಿಸತಕ್ಕ ಅಂಶ. ಅನಿಲವು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತ ಹಿಗ್ಗುವಾಗಲೇ ಕೆಲಸವು ಆಗುವುದು. ಪಿಸ್ಟನ್ನು ಅರ್ಧದಾರಿಗೆ ಇಳಿದ ಮೇಲೆ ಉರಿದ ಡೀಸೆಲಿಗೆ ಹಿಗ್ಗಲು ಉಳಿದಿರುವ ದಾರಿಯೂ ಅರ್ಧವೇ. ಮಿಕ್ಕ ಉಷ್ಣವು ಹೊಗೆಯ ಕೊಳವೆಗೆ ಹೋಗುವುದು. ಆದುದರಿಂದ ಪಂಪಿನ ಕಾಲವನ್ನು ಕೈಪಿಡಿಯ ಅಳತೆಗೆ ಸರಿಯಾಗಿ ಹೊಂದಿಸುವುದು, ನಾಝಲುಗಳನ್ನು ಪರೀಕ್ಷಾಯಂತ್ರದ ಮೇಲೆ ನೋಡಿಸುವುದು, ವಾಲ್ವುಗಳ ಸಂದನ್ನು ಸರಿಪಡಿಸುವುದು, ಇವು ಖರ್ಚಿಗೆ ತಕ್ಕ ಪ್ರತಿಫಲ ಕೊಡತಕ್ಕ ಕೆಲಸಗಳು. ನಾಝಲಿನಿಂದ ಚಿಮ್ಮುವ ಡೀಸೆಲಿನ ಒತ್ತಡವು ವಾಯುಭಾರದ ನೂರು ಪಾಲಿಗೂ ಹೆಚ್ಚು. ಅದು ಚರ್ಮವನ್ನು ಭೇದಿಸಬಲ್ಲದು. ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಬಾರದು. ಪಂಪಿನ ಕೆಲಸವನ್ನು ಬಲ್ಲವರಿಗೇ ಒಪ್ಪಿಸಬೇಕು.

ಇನ್ನೊಂದು ಅಭ್ಯಾಸದ ಬಗ್ಗೆ ಎರಡು ಮಾತು. ಎಂಜಿನ್ನು ಬಿಸಿಯೇರುತ್ತದೆಂದು ಥರ್ಮೋಸ್ಟಾಟನ್ನೇ ಕಿತ್ತುಹಾಕುವ ಪದ್ಧತಿ ನಮ್ಮ ಕೆಲವು ಗ್ಯಾರೇಜುಗಳಲ್ಲಿದೆ. ಈ ಸಣ್ಣ ಕವಾಟವು ನೀರು ೮೦ ಡಿಗ್ರಿಯ ಸುಮಾರಿಗೆ ಕಾಯುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯತಕ್ಕದ್ದು. ಅದಿಲ್ಲದಿದ್ದರೆ ಎಂಜಿನ್ನು ಬೇಗನೆ ಕಾಯುವುದಿಲ್ಲ. ಆಯಿಲು ಗಟ್ಟಿಯಾಗಿಯೇ ಉಳಿದು ತಿಕ್ಕಾಟ ಹೆಚ್ಚುವುದು. ಸಿಲಿಂಡರಿನ ಗೋಡೆಗಳು ಹೆಚ್ಚು ಉಷ್ಣವನ್ನು ಹೀರುವುವು. ಎಂಜಿನ್ನು ಅತಿಯಾಗಿ ಬಿಸಿಯಾಗುತ್ತಿದ್ದರೆ ಅದರ ಕಾರಣವನ್ನು ಹುಡುಕಬೇಕೇ ಹೊರತು, ಜ್ವರವಿದೆಯೆಂದು ಜ್ವರಮಾಪಕವನ್ನು ಎಸೆಯಬಾರದು.

ಚಾಲಕನ ಪಾದ

ಬ್ರೇಕಿನ ಕಂದಾಯವನ್ನು ಕಡಮೆ ಮಾಡುವ ಶಕ್ತಿಯಿರುವುದು ಚಾಲಕನಲ್ಲಿ ಮಾತ್ರ. ದೂರದಲ್ಲಿ ಕೆಂಪು ದೀಪವೋ ರಸ್ತೆಯ ಉಬ್ಬೋ ಕಂಡಾಗ ಕೊನೆಯವರೆಗೂ ಆಕ್ಸಿಲರೇಟರನ್ನು ಒತ್ತಿ, ಬಳಿಕ ಬ್ರೇಕು ಹಾಕುವವನು ತನ್ನ ಡೀಸೆಲಿನಿಂದ ಡ್ರಮ್ಮನ್ನು ಕಾಯಿಸುವನು. ಮೊದಲೇ ಪಾದವನ್ನೆತ್ತಿ, ಗೇರಿನಲ್ಲಿಯೇ ಕಾರನ್ನು ಉರುಳಲು ಬಿಟ್ಟವನು ಆ ಶಕ್ತಿಯನ್ನು ದೂರವನ್ನಾಗಿ ಪರಿವರ್ತಿಸಿಕೊಳ್ಳುವನು.

‘ಗೇರಿನಲ್ಲಿಯೇ’ ಎಂಬ ಮಾತು ಮುಖ್ಯವಾದದ್ದು. ಗೇರಿನಲ್ಲಿದ್ದು ಪಾದವನ್ನೆತ್ತಿದಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುವುವು. ವೇಗವು ಸಾಕಷ್ಟಿರುವುದನ್ನು ಕಂಡು ಪಂಪಿನ ಗವರ್ನರು ಡೀಸೆಲನ್ನು ನಿಲ್ಲಿಸಿಬಿಡುವುದು. ಆಗಿನ ಖರ್ಚು ಸೊನ್ನೆ. ನ್ಯೂಟ್ರಲಿನಲ್ಲಾದರೆ ಎಂಜಿನ್ನು ನಿಲ್ಲದಂತೆ ಡೀಸೆಲ್ ಹರಿಯುತ್ತಲೇ ಇರಬೇಕು. ಇಂತಹ ಎಂಜಿನ್ನು ಸುಮ್ಮನೆ ನಿಂತು ತಿರುಗಲು ಗಂಟೆಗೆ ಸುಮಾರು ಅರ್ಧ ಲೀಟರು ಬೇಕು. ಆದುದರಿಂದಲೇ ರೈಲ್ವೆ ಗೇಟಿನ ಮುಂದೆ ಕಾಯುವಾಗ ಎಂಜಿನ್ನನ್ನು ನಿಲ್ಲಿಸುವುದು ಲಾಭಕರ. ಅಂತೆಯೇ, ಎಂಜಿನ್ನು ಮುಕ್ಕರಿಯದಷ್ಟರಲ್ಲಿ ಮೇಲಿನ ಗೇರನ್ನು ಬೇಗ ಬಳಸಬೇಕು. ಸುತ್ತುಗಳು ಕಡಮೆಯಾದಷ್ಟೂ ಒಳಗಿನ ತಿಕ್ಕಾಟವು ಕಡಮೆ. ಏರ್‌ಕಂಡಿಷನರು ಒಂದೆರಡು ಕಿಲೋವಾಟ್ ಸಾಮರ್ಥ್ಯವನ್ನು ಎಳೆದುಕೊಳ್ಳುವುದು. ೬೦ರ ವೇಗದಲ್ಲಿ ಕಾರನ್ನು ಓಡಿಸಲು ಚಕ್ರಗಳಿಗೆ ಬೇಕಾಗುವುದೇ ೫ ಕಿಲೋವಾಟ್‌ಗಿಂತ ಕಡಮೆಯೆಂಬುದನ್ನು ನೆನೆದರೆ, ಅದು ಸಣ್ಣ ಪಾಲಲ್ಲ.

ಘಾಟಿಯಲ್ಲಿ ಎಂಜಿನ್ನನ್ನು ನಿಲ್ಲಿಸಬಾರದು

ಆಗುಂಬೆ, ಚಾರ್ಮಾಡಿ, ಶಿರಾಡಿಗಳಂತಹ ಘಾಟಿಗಳನ್ನು ಇಳಿಯುವಾಗ ಡೀಸೆಲನ್ನು ಉಳಿಸಲೆಂದು ಎಂಜಿನ್ನನ್ನು ನಿಲ್ಲಿಸಿ, ನ್ಯೂಟ್ರಲಿನಲ್ಲಿ ಇಳಿಯುವವರುಂಟು. ಇದು ಪ್ರಾಣಾಪಾಯಕರವಾದ ಅಭ್ಯಾಸ. ೫೦೦ ಮೀಟರು ಎತ್ತರವನ್ನು ಇಳಿಯುವ ನಮ್ಮ ಕಾರು ೫.೯ ಮೆಗಾಜೂಲ್ ಶಕ್ತಿಯನ್ನು ಬಿಟ್ಟುಕೊಡುವುದು. ಸುಮಾರು ೧೮ ಲೀಟರು ತಣ್ಣೀರನ್ನು ಕುದಿಯುವವರೆಗೆ ಕಾಯಿಸಲು ಅಷ್ಟು ಸಾಕು. ಗಾಳಿಯೂ ಟೈರುಗಳೂ ತೆಗೆದುಕೊಂಡು ಮಿಕ್ಕುದೆಲ್ಲವನ್ನೂ, ಗೇರಿನ ಸಹಾಯವಿಲ್ಲದಿದ್ದರೆ, ಬ್ರೇಕುಗಳೊಂದೇ ನುಂಗಬೇಕು. ಅತಿಯಾಗಿ ಕಾದ ಬ್ರೇಕು ತನ್ನ ಹಿಡಿತವನ್ನು ಕಳೆದುಕೊಳ್ಳುವುದು. ಮೇಲಾಗಿ, ಬ್ರೇಕಿನ ಪೆಡಲಿಗೆ ನೆರವಾಗುವ ನಿರ್ವಾತವನ್ನು ಡೀಸೆಲ್ ಕಾರಿನಲ್ಲಿ ಎಂಜಿನ್ನಿನಿಂದ ತಿರುಗುವ ಪಂಪು ಒದಗಿಸುವುದು. ಎಂಜಿನ್ನು ನಿಂತರೆ ಎರಡು ಮೂರು ಸಲ ಒತ್ತುವಷ್ಟರಲ್ಲಿ ಆ ನೆರವು ತೀರಿ, ಪೆಡಲು ಕಲ್ಲಿನಂತಾಗುವುದು. ಬೀಗದ ಕೈಯನ್ನು ಹೊರಕ್ಕೆಳೆದರೆ ಸ್ಟಿಯರಿಂಗು ಸಿಕ್ಕಿಕೊಳ್ಳಲೂಬಹುದು.

ಇಷ್ಟು ಅಪಾಯಕ್ಕೆ ಪ್ರತಿಯಾಗಿ ದೊರೆಯುವ ಲಾಭವಾದರೂ ಏನು? ತಕ್ಕ ಗೇರಿನಲ್ಲಿ, ಪಾದವನ್ನೆತ್ತಿ ಇಳಿಯುವ ಕಾರೂ ಡೀಸೆಲನ್ನು ಖರ್ಚುಮಾಡುವುದಿಲ್ಲವೆಂದು ಈಗತಾನೆ ಕಂಡೆವು. ಎಂಜಿನ್ನನ್ನು ನಿಲ್ಲಿಸಿ ಉಳಿಸಬಹುದಾದದ್ದು ಏನೂ ಇಲ್ಲ. ಸುರಕ್ಷಿತತೆ ಮತ್ತು ಮಿತವ್ಯಯ ಇವೆರಡೂ ಇಲ್ಲಿ ಒಂದೇ ಪಕ್ಷದಲ್ಲಿವೆ.

ಲಾಭವನ್ನು ಅಳೆಯುವ ಬಗೆ

ಯಾವ ಉಪಾಯವನ್ನು ಮಾಡಿದರೂ ಅದರ ಫಲವನ್ನು ಅಳೆಯದೆ ನಂಬಬಾರದು. ಟ್ಯಾಂಕನ್ನು ಪೂರ್ತಿ ತುಂಬಿಸಿ, ಓಡಿಸಿ, ಅದೇ ಬಂಕಿನಲ್ಲಿ ಮತ್ತೆ ತುಂಬಿಸಿ, ಹಿಡಿದ ಲೀಟರುಗಳಿಂದ ಓಡಿದ ದೂರವನ್ನು ಭಾಗಿಸುವುದು ಒಳ್ಳೆಯ ಕ್ರಮ. ಆದರೆ ಟ್ಯಾಂಕು ‘ತುಂಬಿತು’ ಎನ್ನುವುದರಲ್ಲಿಯೇ ಅರ್ಧ ಲೀಟರಿನ ತಪ್ಪು ಸುಲಭವಾಗಿ ನುಸುಳುವುದು. ೧೦ ಲೀಟರಿನ ಲೆಕ್ಕದಲ್ಲಿ ಅದು ನೂರಕ್ಕೆ ಐದು. ೧೦೦ ಲೀಟರಿನ ಲೆಕ್ಕದಲ್ಲಿ ನೂರಕ್ಕೆ ಅರ್ಧ ಮಾತ್ರ. ಆದುದರಿಂದ ಮೂರು ನಾಲ್ಕು ಸಲ ತುಂಬಿಸಿದ್ದನ್ನು ಕೂಡಿಸಿಯೇ ತೀರ್ಮಾನಕ್ಕೆ ಬರಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆಯನ್ನು ಮಾಡಬೇಕು.

ಡೀಸೆಲಿಗೆ ಬೆರೆಸುವ ದ್ರವಗಳ ಬೆಲೆಯೂ ಈಗ ಗೊತ್ತಾಗುವುದು. ‘ಇಂಧನವು ಪೂರ್ತಿಯಾಗಿ ಉರಿಯುವುದು, ನೂರಕ್ಕೆ ಇಪ್ಪತ್ತು ಉಳಿತಾಯ’ ಎಂದು ಹೇಳಿದರೆ, ಆರೋಗ್ಯವಾಗಿರುವ ಡೀಸೆಲ್ ಎಂಜಿನ್ನಿನಲ್ಲಿ ನೂರಕ್ಕೆ ೯೮ ಪಾಲಿನಷ್ಟು ಇಂಧನ ಈಗಾಗಲೇ ಉರಿದುಹೋಗುತ್ತಿದೆಯೆಂಬುದನ್ನು ನೆನೆಯಬೇಕು. ಉಳಿದ ಎರಡರಲ್ಲಿ ಇಪ್ಪತ್ತನ್ನು ಹೇಗೆ ತೆಗೆಯುವುದು? ಅಗ್ಗವೆಂದು ಸೀಮೆಎಣ್ಣೆಯನ್ನು ಬೆರೆಸುವುದಂತೂ ಕೇಡಿನ ದಾರಿ. ಪಂಪಿನ ಒಳಭಾಗಗಳಿಗೆ ಡೀಸೆಲೇ ಜಾರೆಣ್ಣೆ. ತೆಳುವಾದ ಸೀಮೆಎಣ್ಣೆಯಿಂದ ಅವು ಸವೆದರೆ, ಉಳಿಸಿದ್ದೆಲ್ಲವೂ ಪಂಪಿನ ದುರಸ್ತಿಗೆ ಸಾಲದು.

ಒಟ್ಟಿನಲ್ಲಿ, ಡೀಸೆಲಿನ ಐದು ಪಾಲುಗಳಲ್ಲಿ ನಾಲ್ಕನ್ನು ಯಂತ್ರವೂ ಪ್ರಕೃತಿಯೂ ತೆಗೆದುಕೊಳ್ಳುವುವು. ಎಂಜಿನ್ನನ್ನು ಸುಸ್ಥಿತಿಯಲ್ಲಿಟ್ಟು ಆ ನಾಲ್ಕು ನಾಲ್ಕೂವರೆಯಾಗದಂತೆ ನೋಡಿಕೊಳ್ಳಬಹುದು, ಅಷ್ಟೆ. ಉಳಿದ ಒಂದು ಪಾಲು ಮಾತ್ರ ನಮ್ಮದು. ಅದನ್ನು ಗಾಳಿಗೆ ಎಷ್ಟು, ಟೈರಿಗೆ ಎಷ್ಟು, ಬ್ರೇಕಿಗೆ ಎಷ್ಟು ಎಂದು ಹಂಚುವ ಅಧಿಕಾರ ಚಾಲಕನ ಕೈಯಲ್ಲಿದೆ. ಟೈರಿಗೆ ತಕ್ಕ ಗಾಳಿ, ಹಿಡಿಯದ ಬ್ರೇಕು, ಎಂಬತ್ತನ್ನು ಮೀರದ ವೇಗ, ಮುಂದಾಲೋಚನೆಯುಳ್ಳ ಪಾದ, ಇವು ನಾಲ್ಕೂ ಕೂಡಿದರೆ, ಹಳೆಯ ಕಾರಿನ ಯಜಮಾನನು ಬಯಸುವ ಆ ಎರಡು ಕಿಲೋಮೀಟರು ದುರ್ಲಭವೇನೂ ಅಲ್ಲ. ವಾಚಕರು ಮುಂದಿನ ಭಾನುವಾರದ ಮುಂಜಾನೆ ಗಡಿಯಾರದ ಪರೀಕ್ಷೆಯನ್ನು ಮಾಡಿ, ತಮ್ಮ ಕಾರಿನ ಸೆಕೆಂಡುಗಳನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡಲಿ. ಖಾತೆಯು ಅಲ್ಲಿಂದ ಆರಂಭವಾಗುವುದು.